ಕರೋಲ್ ಬಾಗಿನ ಮೇಷ್ಟ್ರುಗಳು ಬರೆದ ಪುಸ್ತಕಗಳು

ಲೇಖಕರ ಪರಿಚಯ ಬರೆಯುವಾಗ ಅವರ ಉದ್ಯೋಗಕ್ಕೆ ಒಂದು ಸಾಲು ಕೊಟ್ಟು, ಉಳಿದ ಜಾಗವನ್ನೆಲ್ಲ ಕೃತಿಗಳ ಪಟ್ಟಿಗೆ ಬಿಡುವುದು ನಮ್ಮಲ್ಲಿ ರೂಢಿ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದರು, ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರ್, ಕಾರಂತರು ಪುತ್ತೂರಿನಲ್ಲಿ ಪ್ರೆಸ್ ನಡೆಸಿದರು ಎಂದು ಹೇಳಿ ಮುಂದೆ ಹೋಗುತ್ತೇವೆ. ಇಂದಿನ ಆಸ್ಟ್ರೇಲಿಯಾದ ಲೇಖಕರ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಪೀಟರ್ ಕ್ಯಾರಿ ಜಾಹೀರಾತು ಕಂಪನಿಗಳಲ್ಲಿ ದುಡಿದವರು, ಕ್ರಿಸ್ಟೋಸ್ ಸಿಯೋಲ್ಕಾಸ್ ಪಶುವೈದ್ಯರ ಸಹಾಯಕರಾಗಿದ್ದವರು, ಮಂಗಳೂರಿನಲ್ಲಿ ಬೆಳೆದು ಸಿಡ್ನಿಯಲ್ಲಿ ಓದಿದ ಅರವಿಂದ ಅಡಿಗರು ಪತ್ರಕರ್ತರಾಗಿದ್ದವರು. ಹೊಟ್ಟೆಪಾಡಿಗೆ ಒಂದು, ಬರವಣಿಗೆ ಇನ್ನೊಂದು ಎಂಬ ಎಣಿಕೆ ಇದರ ಹಿಂದಿದೆ. ಟಾಸ್ಮೇನಿಯಾದ ನದಿಯಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಿಯಾಗಿದ್ದ ರಿಚರ್ಡ್ ಫ್ಲಾನಗನ್ ತಮ್ಮ ಮೊದಲ ಕಾದಂಬರಿಗೆ ಅಂಥ ಮಾರ್ಗದರ್ಶಿಯೊಬ್ಬನನ್ನೇ ನಾಯಕನನ್ನಾಗಿ ಮಾಡಿಕೊಂಡರೆಂಬುದೊಂದೇ ಈ ಎಣಿಕೆಯನ್ನು ಅನುಮಾನಿಸಲು ಸಾಕು. ಉದ್ಯೋಗ ಲೇಖಕನಿಗೆ ಕಥಾವಸ್ತುವನ್ನಷ್ಟೇ ಕೊಡುವುದಿಲ್ಲ. ಯಾವ ಪ್ರಕಾರದಲ್ಲಿ, ಯಾರಿಗಾಗಿ, ಯಾವ ಭಾಷೆಯಲ್ಲಿ ಬರೆಯಬೇಕೆಂಬುದನ್ನೂ ಅದು ತೀರ್ಮಾನಿಸುತ್ತದೆ ಎಂಬುದು ನನ್ನ ವಾದ. ಇದಕ್ಕೆ ನಾನು ಬಲ್ಲ ಗಟ್ಟಿಯಾದ ಸಾಕ್ಷಿ ದೆಹಲಿಯ ಕರೋಲ್ ಬಾಗಿನಲ್ಲಿದೆ, 1925ರಿಂದ ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ.

ಆಗಿನ ಕರೋಲ್ ಬಾಗ್ ಇಂದಿನ ಜವಳಿ-ಒಡವೆಗಳ ಪೇಟೆಯಲ್ಲ. ಹೊಸ ರಾಜಧಾನಿ ಕಟ್ಟುವಾಗ ಮಾಧೋಗಂಜ್, ಜೈಸಿಂಗ್‌ಪುರದಂಥ ಹಳ್ಳಿಗಳಿಂದ ಎಬ್ಬಿಸಿದ ಜನರನ್ನು ತಂದು ನೆಲೆಗೊಳಿಸಿದ ಊರಾಚೆಯ ಬಡಾವಣೆ ಅದು. ಅಲ್ಲಿದ್ದ ದೊಡ್ಡ ಸಂಸ್ಥೆಯೆಂದರೆ ಆಯುರ್ವೇದ ಮತ್ತು ಯುನಾನಿ ವೈದ್ಯ ಕಲಿಸುವ ತಿಬ್ಬಿಯಾ ಕಾಲೇಜು. 1916ರಲ್ಲಿ ವೈಸರಾಯ್ ಹಾರ್ಡಿಂಜ್ ಅದಕ್ಕೆ ಅಡಿಗಲ್ಲು ಹಾಕಿದರು, 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಅಡಿಗಲ್ಲಿಗೂ ಉದ್ಘಾಟನೆಗೂ ನಡುವಿನ ಐದು ವರ್ಷಗಳಲ್ಲಿ ದೇಶ ಎಷ್ಟು ಬದಲಾಯಿತೆಂಬುದು ಈ ಎರಡು ಹೆಸರುಗಳಲ್ಲೇ ಕಾಣುತ್ತದೆ. ಕಾಲೇಜನ್ನು ಕಟ್ಟಿದವರು ಹಕೀಮ್ ಅಜ್ಮಲ್ ಖಾನ್. ಅವರು ವೈದ್ಯರು, ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು, ‘ಶೈದಾ’ ಎಂಬ ಕಾವ್ಯನಾಮದ ಕವಿ; ಅಸಹಕಾರ ಚಳವಳಿಯಲ್ಲಿ 1920ರ ಅಕ್ಟೋಬರ್ 29ರಂದು ಅಲಿಗಢದಲ್ಲಿ ಹುಟ್ಟಿದ ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಮೊದಲ ಕುಲಪತಿಯೂ ಹೌದು. ಖಿಲಾಫತ್ ಚಳವಳಿ ಕುಸಿದು ಹಣದ ಮೂಲ ಬತ್ತಿದಾಗ, 1925ರಲ್ಲಿ ಅವರೇ ಆ ವಿದ್ಯಾಪೀಠವನ್ನು ಕರೋಲ್ ಬಾಗಿಗೆ ತಂದರು.

ಸಂಸ್ಥೆಯನ್ನು ಮುಚ್ಚಿಬಿಡುವ ಮಾತು ನಡೆದಿದ್ದಾಗಲೇ ಬರ್ಲಿನ್ನಿನಲ್ಲಿದ್ದ ಮೂವರು ತರುಣರು ತಾವು ಬಂದು ದುಡಿಯುತ್ತೇವೆಂದು ಮುಂದಾದರು. 1926ರಲ್ಲಿ ಮೂವರೂ ಕರೋಲ್ ಬಾಗಿಗೆ ಬಂದರು. ಜಾಕಿರ್ ಹುಸೇನ್ ಅರ್ಥಶಾಸ್ತ್ರದಲ್ಲಿ, ಆಬಿದ್ ಹುಸೇನ್ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದರು. ಮುಹಮ್ಮದ್ ಮುಜೀಬ್ ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ, ಜರ್ಮನಿಯಲ್ಲಿ ಮುದ್ರಣದ ಕೆಲಸ ಕಲಿತಿದ್ದರು. ಜಾಕಿರ್ ಹುಸೇನರಿಗೂ ಅಚ್ಚುಮೊಳೆಯ ಪರಿಚಯವಿತ್ತು. ಬರ್ಲಿನ್ನಿನ ಕಾವಿಯಾನಿ ಮುದ್ರಣಾಲಯದಲ್ಲಿ ಗಾಲಿಬನ ದಿವಾನ್ ಅಚ್ಚಾದಾಗ ಅವರೇ ನಿಂತು ಮೊಳೆ ಜೋಡಿಸಿದ್ದರು. ಅಜ್ಮಲ್ ಖಾನರ ಕವಿತೆಗಳೂ ಅಲ್ಲೇ ಅಚ್ಚಾದವು. ಇಪ್ಪತ್ತೊಂಬತ್ತರ ಹರೆಯದ ಜಾಕಿರ್ ಹುಸೇನ್ ಜಾಮಿಯಾದ ಉಪಕುಲಪತಿಯಾದರು. 1927ರ ಡಿಸೆಂಬರ್ ಕೊನೆಯಲ್ಲಿ ಅಜ್ಮಲ್ ಖಾನ್ ತೀರಿಕೊಂಡಾಗ ಇದ್ದ ಆಸರೆಯೂ ಹೋಯಿತು. ಮರುವರ್ಷ ಅಧ್ಯಾಪಕರೇ ಒಂದು ಸಂಘ ಕಟ್ಟಿಕೊಂಡು, ತಿಂಗಳಿಗೆ ನೂರೈವತ್ತು ರೂಪಾಯಿಗೆ ಮೀರದ ಸಂಬಳಕ್ಕೆ ಇಪ್ಪತ್ತು ವರ್ಷ ಇಲ್ಲೇ ದುಡಿಯುತ್ತೇವೆಂದು ಪಣ ತೊಟ್ಟರು.

ಅವರು ಬರೆದ ಪುಸ್ತಕಗಳನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಸರ್ಕಾರದ ಅನುದಾನ ಬೇಡವೆಂದ ಶಾಲೆ, ಬೋಧನೆಯ ಮಾಧ್ಯಮ ಉರ್ದು. ಆ ಭಾಷೆಯಲ್ಲಿ ಕಲಿಸಬೇಕೆಂದರೆ ಪುಸ್ತಕ ಬೇಕಲ್ಲ? ನಮ್ಮ ಬೀದರ್, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ ಇದೇ ಕೊರತೆ ನೀಗಲು 1917ರಲ್ಲಿ ಒಂದು ಅನುವಾದ ಇಲಾಖೆಯನ್ನೇ ತೆರೆದಿದ್ದ. ಕರೋಲ್ ಬಾಗಿನಲ್ಲಿ ನಿಜಾಮನಿರಲಿಲ್ಲ, ಖಜಾನೆಯೂ ಇರಲಿಲ್ಲ. ಪಾಠ ಮಾಡುವವರೇ ಅನುವಾದಕರಾಗಬೇಕಾಯಿತು, ಜಾಮಿಯಾದ ಸ್ವಂತ ಪ್ರಕಾಶನ ಮಕ್ತಬಾ ಅವರ ಪುಸ್ತಕಗಳನ್ನು ಹೊರತಂದು ಮಾರಬೇಕಾಯಿತು. ಜಾಕಿರ್ ಹುಸೇನ್ ಪ್ಲೇಟೋನ ‘ರಿಪಬ್ಲಿಕ್’ ಅನ್ನೂ ಫ್ರೆಡರಿಕ್ ಲಿಸ್ಟನ ಅರ್ಥಶಾಸ್ತ್ರವನ್ನೂ ಉರ್ದುವಿಗೆ ತಂದರು. ಆಬಿದ್ ಹುಸೇನರ ಕೈಯಲ್ಲಿ ಗಯಟೆಯ ‘ಫೌಸ್ಟ್’, ಕಾಂಟನ ತತ್ತ್ವಶಾಸ್ತ್ರ, ಗಾಂಧೀಜಿಯ ಆತ್ಮಕಥೆ, ನೆಹರೂ ಅವರ ಆತ್ಮಕಥೆ ಎಲ್ಲವೂ ಉರ್ದುವಾದವು. ಮುಜೀಬರು ರಷ್ಯನ್ ಸಾಹಿತ್ಯದ ಚರಿತ್ರೆ ಬರೆದರು. ವಿದ್ಯಾರ್ಥಿಗಳು ಆಡಲೆಂದು ‘ಖೇತಿ’ಯಿಂದ ಮೊದಲುಗೊಂಡು ನಾಟಕಗಳನ್ನು ಬರೆದರು. ಮಕ್ಕಳಿಗೆಂದೇ ‘ಪಯಾಮ್-ಎ-ತಾಲೀಮ್’ ಎಂಬ ಪತ್ರಿಕೆ ನಡೆಯಿತು. ಬರ್ಲಿನ್ನಿನ ಗೆಳೆತನದ ಎಳೆ ಹಿಡಿದು ಜಾಮಿಯಾಕ್ಕೆ ಬಂದ ಜರ್ಮನ್ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬೋರ್ನ್ ಅದಕ್ಕಾಗಿಯೂ ದುಡಿದರು, ಎಳೆಯ ಮಕ್ಕಳ ಶಾಲೆಯನ್ನೂ ನೋಡಿಕೊಂಡರು. ಜಾಕಿರ್ ಹುಸೇನರ ಹೆಸರಾಂತ ಮಕ್ಕಳ ಕಥೆ ‘ಅಬ್ಬೂ ಖಾನನ ಮೇಕೆ’ ಹುಟ್ಟಿದ್ದು ಇಂಥ ಅಗತ್ಯದಿಂದಲೇ. ಅದರ ಮೂಲ ಫ್ರೆಂಚ್ ಲೇಖಕ ಆಲ್ಫೋನ್ಸ್ ದೋದೆಯ ಕಥೆ. ಬ್ರೌನಿಂಗ್ ಕವಿಯ ಪದ್ಯವನ್ನು ಕುವೆಂಪು ಬೊಮ್ಮನಹಳ್ಳಿಗೆ ತಂದ ಹಾಗೆ, ಇವರು ಆ ಮೇಕೆಯನ್ನು ಅಲ್ಮೋರಾದ ಬೆಟ್ಟಕ್ಕೆ ತಂದರು. ತಪ್ಪಿಸಿಕೊಂಡು ಹೋದ ಮೇಕೆ ಬೆಳಗಾಗುವತನಕ ತೋಳದೊಡನೆ ಸೆಣಸಿ ಸಾಯುತ್ತದೆ. ಪರತಂತ್ರ ದೇಶದ ಮಕ್ಕಳಿಗೆ ಆ ಕಥೆ ಏನು ಹೇಳಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಬರ್ಲಿನ್ನಿನಲ್ಲಿ ಭಾರತದ ಕೃಷಿ ಅರ್ಥವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದವರನ್ನು ಮೇಕೆಯ ಕಥೆಗೆ ಎಳೆದು ತಂದದ್ದು ತರಗತಿ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಚಂದಾ ಎತ್ತುವುದು, ಬಾಡಿಗೆ ಕಟ್ಟಡ ಹೊಂದಿಸುವುದು, ಹಾಸ್ಟೆಲ್ಲಿನ ಲೆಕ್ಕ ನೋಡುವುದು ಇವುಗಳಲ್ಲಿ ಇವರ ಒಳ್ಳೆಯ ವರ್ಷಗಳು ಕಳೆದುಹೋದವು. ಬಿಡುವಿದ್ದಿದ್ದರೆ ಎಂಥ ಪುಸ್ತಕ ಬರೆಯುತ್ತಿದ್ದರೋ ಎಂಬುದು. ಜಾಕಿರ್ ಹುಸೇನರ ಮಟ್ಟಿಗೆ ಈ ಮಾತನ್ನು ಒಪ್ಪಲೇಬೇಕು. ಅವರ ವಿದ್ವತ್ತಿಗೆ ತಕ್ಕ ದೊಡ್ಡ ಅರ್ಥಶಾಸ್ತ್ರ ಗ್ರಂಥ ಬರಲಿಲ್ಲ. ಮುಂದೆ ಅಲಿಗಢದ ಉಪಕುಲಪತಿ, ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿ, 1967ರಲ್ಲಿ ರಾಷ್ಟ್ರಪತಿ ಎಂದು ಹುದ್ದೆಗಳು ಸಾಲುಗಟ್ಟಿದ ಮೇಲೆ ಅದು ಬರುವ ಹಾಗೂ ಇರಲಿಲ್ಲ. ಆದರೆ 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಬುನಾದಿ ಶಿಕ್ಷಣದ ಯೋಜನೆ ರೂಪಿಸಲು ಸಮಿತಿ ಮಾಡಿದಾಗ ಅದರ ಅಧ್ಯಕ್ಷತೆ ಬಂದದ್ದು ಅವರಿಗೇ. ಆ ವರದಿಗೆ ಬೇಕಾದ ಅನುಭವ ಗ್ರಂಥಾಲಯದ ಮೇಜಿನ ಮುಂದೆ ಸಿಗುವಂಥದ್ದಲ್ಲ. ಮುಜೀಬರ ಉದಾಹರಣೆಯಂತೂ ಆಕ್ಷೇಪವನ್ನೇ ತಿರುಗಿಸುತ್ತದೆ. ಅವರ ಮಹತ್ವದ ಗ್ರಂಥ ‘ದಿ ಇಂಡಿಯನ್ ಮುಸ್ಲಿಮ್ಸ್’ 1967ರಲ್ಲಿ ಬಂತು, ಕರೋಲ್ ಬಾಗಿಗೆ ಬಂದ ನಾಲ್ಕು ದಶಕಗಳ ಮೇಲೆ. ಆಗಲೂ ಅವರು ಜಾಮಿಯಾದ ಉಪಕುಲಪತಿಯೇ. ಒಂದು ಸಮುದಾಯದ ಮಕ್ಕಳಿಗೆ ಅಷ್ಟು ಕಾಲ ಕಲಿಸಿದವರು ಬರೆದ ಚರಿತ್ರೆ ಅದು. ಆಬಿದ್ ಹುಸೇನರಿಗೆ 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕೃತಿಯ ವಿಷಯವೂ ರಾಷ್ಟ್ರದ ಸಂಸ್ಕೃತಿಯೇ. ಇವರ ಉದ್ಯೋಗ ಪುಸ್ತಕಗಳನ್ನು ತಡಮಾಡಿತು, ನಿಜ; ಆ ಪುಸ್ತಕಗಳಿಗೆ ವಿಷಯ ಕೊಟ್ಟದ್ದೂ ಅದೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹೆಚ್ಚು ಇರಿಯುವಂಥದ್ದು. ಇವರು ಅನುಕೂಲಸ್ಥ ಮನೆತನಗಳಿಂದ ಬಂದವರು. ಮುಜೀಬರ ತಂದೆ ಲಖನೌದ ಹೆಸರಾಂತ ವಕೀಲರು. ಜಾಕಿರ್ ಹುಸೇನರದು ಕಾಯಂಗಂಜಿನ ಆಸ್ತಿವಂತ ಪಠಾಣ ಕುಟುಂಬ. ತಾವಾಗಿ ಬಡತನ ಒಪ್ಪಿಕೊಳ್ಳುವವರಿಗೂ ಬೇರೆ ದಾರಿಯಿಲ್ಲದೆ ಸಣ್ಣ ಸಂಬಳಕ್ಕೆ ದುಡಿಯುವವರಿಗೂ ವ್ಯತ್ಯಾಸವಿದೆ. ಹೀಗಾಗಿ ಕರೋಲ್ ಬಾಗನ್ನು ಮಾದರಿಯೆಂದು ತೋರಿಸಿ ಇಂದಿನ ಅತಿಥಿ ಉಪನ್ಯಾಸಕರಿಗೆ ತ್ಯಾಗದ ಉಪದೇಶ ಮಾಡುವುದು ಅನ್ಯಾಯ. ನಾನು ಹೇಳುತ್ತಿರುವುದು ತ್ಯಾಗದ ಹಿರಿಮೆಯನ್ನಲ್ಲ. ಸಂಬಳ ಎಷ್ಟೇ ಇರಲಿ, ಮಾಡುವ ಕೆಲಸ ಬರವಣಿಗೆಯ ಜಾಡನ್ನು ಬದಲಿಸುತ್ತದೆಂಬುದು ಮೇಷ್ಟ್ರ ವಿಷಯದಲ್ಲಿ ಎಷ್ಟು ಸತ್ಯವೋ ಪಶುವೈದ್ಯರ ಸಹಾಯಕನ ವಿಷಯದಲ್ಲೂ ಅಷ್ಟೇ ಸತ್ಯ. ವ್ಯತ್ಯಾಸವಿರುವುದು ಒಂದು ಕಡೆ: ಕ್ಯಾರಿಗೋ ಸಿಯೋಲ್ಕಾಸರಿಗೋ ಉದ್ಯೋಗ ಒಬ್ಬೊಬ್ಬರ ಬದುಕಿನ ಮಾತು, ಕರೋಲ್ ಬಾಗಿನಲ್ಲಿ ಒಂದಿಡೀ ಬಳಗ ಒಂದೇ ಕೆಲಸದಿಂದ ಬೇರೆ ಬೇರೆ ಪ್ರಕಾರಗಳಿಗೆ ಹೊರಟಿತು. ಅವರ ಕೃತಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಅನುವಾದ, ನಾಟಕ, ಮಕ್ಕಳ ಕಥೆ, ಚರಿತ್ರೆಗಳ ರಾಶಿ. ಶಾಲೆಯ ವೇಳಾಪಟ್ಟಿಯ ಪಕ್ಕದಲ್ಲಿಟ್ಟರೆ ಒಂದೇ ಯೋಜನೆ.

1935ರಲ್ಲಿ ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಬಿತ್ತು, ಮರುವರ್ಷದಿಂದ ಜಾಮಿಯಾ ಅತ್ತ ಸಾಗಿತು. 1947ರ ಗಲಭೆಯಲ್ಲಿ ಮಕ್ತಬಾದ ಲಕ್ಷಾಂತರ ರೂಪಾಯಿಯ ಆಸ್ತಿ ಬೆಂಕಿಗೆ ಆಹುತಿಯಾಯಿತು. ಕರೋಲ್ ಬಾಗಿನ ಮುಸ್ಲಿಮರು ಮನೆಮಠ ಬಿಟ್ಟು ಹೋದರು, ಪಶ್ಚಿಮ ಪಂಜಾಬಿನಿಂದ ಮನೆಮಠ ಕಳೆದುಕೊಂಡವರು ಅಲ್ಲಿಗೆ ಬಂದು ಇಂದಿನ ಪೇಟೆ ಕಟ್ಟಿದರು. ಅಜ್ಮಲ್ ಖಾನರ ಹೆಸರು ರಸ್ತೆಗೂ ಪಾರ್ಕಿಗೂ ಉಳಿದಿದೆ, ತಿಬ್ಬಿಯಾ ಕಾಲೇಜು ಇನ್ನೂ ನಡೆಯುತ್ತಿದೆ. ಮಂಗಳೂರಿನಲ್ಲಿ ಪಂಜೆಯವರ ಬಾಲ ಸಾಹಿತ್ಯ ಮಂಡಲ, ಪುತ್ತೂರಿನಲ್ಲಿ ಕಾರಂತರ ಪ್ರೆಸ್ಸು, ಮಕ್ಕಳ ಪುಸ್ತಕಗಳು ಇವೂ ಹೆಚ್ಚುಕಡಿಮೆ ಅದೇ ದಶಕಗಳ ಮಾತು. ಕನ್ನಡ ಸಾಹಿತ್ಯ ಚರಿತ್ರೆ ಬರೆಯುವವರು ಇನ್ನು ಮೇಲಾದರೂ ಶಾಲೆ, ಕಚೇರಿ, ಅಚ್ಚುಕೂಟಗಳ ದಾಖಲೆಗಳನ್ನು ಕೃತಿಗಳಷ್ಟೇ ಮುತುವರ್ಜಿಯಿಂದ ಹುಡುಕಿ ಓದಲಿ, ಅವು ಗೆದ್ದಲು ಹಿಡಿಯುವ ಮೊದಲು.