ವಿಚ್ಛೇದನವಾದರೆ ಅಮೆರಿಕದ ವಲಸೆ ಅರ್ಜಿ ಏನಾಗುತ್ತದೆ?

ಅಮೆರಿಕದಲ್ಲಿರುವ ಮಗಳ ಸಂಸಾರ ಮುರಿಯುವ ಸ್ಥಿತಿಗೆ ಬಂದಾಗ ಊರಿನ ತಂದೆತಾಯಿ ಚರ್ಚಿನ ಕಚೇರಿಗೆ ಬರುವುದುಂಟು. ಕಣ್ಣೀರಿನ ನಡುವೆ ಒಂದು ಪ್ರಶ್ನೆಯೂ ಇರುತ್ತದೆ: "ಫಾದರ್, ಅವಳ ಗ್ರೀನ್ ಕಾರ್ಡ್ ಗತಿಯೇನು?" ಅರ್ಜಿಯಲ್ಲಿ ಮುಖ್ಯ ಅರ್ಜಿದಾರರು ಯಾರು, ಅದು ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

ಗಂಡನ ಉದ್ಯೋಗದ ಆಧಾರದಲ್ಲಿ ಹಾಕಿದ ಅರ್ಜಿಯಲ್ಲಿ ಗಂಡನೇ ಮುಖ್ಯ ಅರ್ಜಿದಾರ. ಎಚ್-4 ವೀಸಾದಲ್ಲಿರುವ ಹೆಂಡತಿಯ ಹಕ್ಕು ಮದುವೆಯಿಂದ ಬಂದದ್ದು. ಗ್ರೀನ್ ಕಾರ್ಡ್ ಮಂಜೂರಾಗುವ ಮೊದಲೇ ವಿಚ್ಛೇದನವಾದರೆ ಆಕೆಯ ಅರ್ಜಿ ಬಿದ್ದುಹೋಗುತ್ತದೆ, ಎಚ್-4 ಕೂಡ ಮುಗಿಯುತ್ತದೆ. ಭಾರತೀಯರ ಸರದಿ ಹತ್ತು ವರ್ಷ ಮೀರುವುದು ಸಾಮಾನ್ಯ. ಅಷ್ಟು ಕಾಲ ಕಾದಿದ್ದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಮಕ್ಕಳ ವಿಷಯ ಹಾಗಲ್ಲ. ತಾಯಿ ಅರ್ಜಿಯಿಂದ ಹೊರಗಾದರೂ, 21 ವರ್ಷದೊಳಗಿನ ಅವಿವಾಹಿತ ಮಕ್ಕಳು ತಂದೆಯ ಮಕ್ಕಳಾಗಿಯೇ ಮುಂದುವರಿಯುತ್ತಾರೆ. ಅಮೆರಿಕದ ಪ್ರಜೆಯಾದ ಅಣ್ಣ ಊರಿನ ತಮ್ಮನಿಗಾಗಿ ಹಾಕಿದ ಅರ್ಜಿಗೂ ಇದೇ ನಿಯಮ: ತಮ್ಮನ ಸರದಿ ಉಳಿಯುತ್ತದೆ, ಹೆಂಡತಿಯದು ಉಳಿಯುವುದಿಲ್ಲ.

ಗಂಡನೇ ಅಮೆರಿಕದ ಪ್ರಜೆಯಾಗಿದ್ದು ಹೆಂಡತಿಗಾಗಿ ಐ-130 ಅರ್ಜಿ ಹಾಕಿದ್ದರೆ, ಆಕೆಗೆ ಗ್ರೀನ್ ಕಾರ್ಡ್ ಸಿಗುವ ಮೊದಲು ಆಗುವ ವಿಚ್ಛೇದನ ಅದನ್ನೂ ಕೊನೆಗೊಳಿಸುತ್ತದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಕಾಯಂ ವಾಸದ ಹಕ್ಕು ಸಿಕ್ಕಿದವರಿಗೆ ದೊರೆಯುವುದು ಎರಡು ವರ್ಷದ ಷರತ್ತಿನ ಕಾರ್ಡ್. ಷರತ್ತು ತೆಗೆಸಲು ದಂಪತಿಗಳು ಒಟ್ಟಾಗಿ ಐ-751 ಸಲ್ಲಿಸಬೇಕು. ವಿಚ್ಛೇದನವಾಗಿದ್ದರೆ ಹೆಂಡತಿ ಒಬ್ಬಳೇ ಸಲ್ಲಿಸಬಹುದು. ಆದರೆ ಮದುವೆ ಕಾರ್ಡಿಗಾಗಿ ಮಾಡಿದ್ದಲ್ಲ ಎಂದು ತೋರಿಸಬೇಕಾದ್ದು ಆಕೆಯೇ. ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಮಕ್ಕಳ ಜನನ ಪತ್ರ ಎಲ್ಲವೂ ಬೇಕಾಗುತ್ತವೆ. ಮನೆ ಬಿಡುವ ದಿನ ಇವುಗಳ ಪ್ರತಿ ತೆಗೆದಿಟ್ಟುಕೊಳ್ಳಲು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಹೊಡೆತ ಬಡಿತ ತಿನ್ನುತ್ತಿರುವವರು ಕಾರ್ಡಿನ ಆಸೆಗೆ ಸಹಿಸಿಕೊಂಡಿರಬೇಕಾಗಿಲ್ಲ. ಗಂಡ ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿಯಾಗಿದ್ದರೆ ಹಿಂಸೆಗೊಳಗಾದ ಹೆಂಡತಿ ಆತನಿಗೆ ತಿಳಿಯದಂತೆ ಸ್ವತಃ ಅರ್ಜಿ ಹಾಕಬಹುದು. ಹಿಂಸೆಯ ಕಾರಣಕ್ಕೆ ವಿಚ್ಛೇದನವಾಗಿದ್ದರೆ ಎರಡು ವರ್ಷದೊಳಗೆ ಹಾಕಬೇಕು.

ದಾವೆ ಹೂಡಿದ ದಿನವಲ್ಲ, ಅಂತಿಮ ಆದೇಶದ ದಿನವೇ ಲೆಕ್ಕಕ್ಕೆ ಬರುವುದು. ಆದ್ದರಿಂದ ಪರಸ್ಪರ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣುವುದು ಒಳ್ಳೆಯದು. ವಿಚ್ಛೇದನವನ್ನು ಮುಚ್ಚಿಟ್ಟು ಸಂದರ್ಶನಕ್ಕೆ ಹೋಗಬಾರದು. ಸುಳ್ಳು ಹೇಳಿದವರಿಗೆ ಮುಂದೆ ಆ ದೇಶದ ಬಾಗಿಲೇ ಮುಚ್ಚಬಹುದು.

ನಮ್ಮವರು ಎಡವುವುದು ಇನ್ನೊಂದು ಕಡೆ. ಧರ್ಮಪ್ರಾಂತ್ಯದ ವಿವಾಹ ನ್ಯಾಯಮಂಡಳಿ ಮದುವೆ ಅನೂರ್ಜಿತ ಎಂದು ತೀರ್ಪು ಕೊಟ್ಟರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಆ ತೀರ್ಪಿಗೆ ಭಾರತದ ಕಾನೂನು ಮಾನ್ಯತೆ ಕೊಡುವುದಿಲ್ಲ. ಮಾನ್ಯತೆ ಬೇಕೆಂದು ದಕ್ಷಿಣ ಕನ್ನಡದ ಕ್ಲಾರೆನ್ಸ್ ಪಾಯ್ಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ವಜಾ ಮಾಡಿತು. ನ್ಯಾಯಾಲಯದ ವಿಚ್ಛೇದನವಿಲ್ಲದೆ ಮರುಮದುವೆಯಾದವರು ಹೊಸ ಸಂಗಾತಿಗಾಗಿ ಹಾಕುವ ವೀಸಾ ಅರ್ಜಿ ಅಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಕಾನೂನಿನ ಕಣ್ಣಿಗೆ ಮೊದಲ ಮದುವೆ ಇನ್ನೂ ಉಳಿದಿದೆ.