ಕಟ್ಟುವ ಮುನ್ನ ಕೇಳಬೇಕಾದ ಮಾತು: ಡ್ಯಾನ್ಯೂಬ್ ನದಿಯ ಪಾಠ

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಒಂದು ಧರ್ಮ. ಪರರಿಗೆ ಹಾನಿಯಾಗದಂತೆ ನಡೆಯುವುದು ಮತ್ತೊಂದು ಧರ್ಮ. ಇವೆರಡೂ ಪರಸ್ಪರ ಎದುರಾಗಿ ನಿಲ್ಲುವ ಪ್ರಸಂಗವು ಬಹುಮಟ್ಟಿಗೆ ಮನುಷ್ಯನ ಅವಿಚಾರದಿಂದಲೇ ಹುಟ್ಟುತ್ತದೆ. ಬಾವಿ ತೋಡಿಸುವ ಗೃಹಸ್ಥನು ನೆರೆಮನೆಯ ಬಾವಿ ಬತ್ತೀತೇ ಎಂದು ಮೊದಲೇ ವಿಚಾರಿಸಿದರೆ ಇಂಥ ಸಂಕಟಕ್ಕೆ ಅವಕಾಶವಿರುವುದಿಲ್ಲ. ತೋಡಿದ ಮೇಲೆ ಕೇಳುವ ಮಾತು ವಿಚಾರಣೆಯಾಗದು, ಕ್ಷಮಾಯಾಚನೆಯಾದೀತು. ಈ ಸರಳ ವಿವೇಕವು ರಾಷ್ಟ್ರಗಳ ನಡುವೆ ನಿಯಮವಾಗಿ ನೆಲೆಗೊಳ್ಳಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಯುರೋಪಿನ ಡ್ಯಾನ್ಯೂಬ್ ನದಿಯ ಇತಿಹಾಸವು ತಿಳಿಸುತ್ತದೆ.

1977ರ ಸೆಪ್ಟೆಂಬರ್ 16ರಂದು ಹಂಗೇರಿ ಮತ್ತು ಚೆಕೊಸ್ಲೊವಾಕಿಯ ದೇಶಗಳು ಬುಡಾಪೆಸ್ಟ್ ನಗರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಾತಿಸ್ಲಾವಾ ಮತ್ತು ಬುಡಾಪೆಸ್ಟ್ ನಡುವೆ ಸುಮಾರು 200 ಕಿಲೋಮೀಟರ್ ಹರಿಯುವ ನದಿಯನ್ನು ವಿದ್ಯುತ್ ಉತ್ಪಾದನೆ, ನೌಕಾಸಂಚಾರ ಮತ್ತು ಪ್ರವಾಹ ನಿಯಂತ್ರಣಕ್ಕೆ ಬಳಸುವುದು ಅದರ ಉದ್ದೇಶ. ಹಂಗೇರಿಯ ದುನಾಕಿಲಿತಿಯಲ್ಲಿ ನೀರನ್ನು ತಡೆದು, ಚೆಕೊಸ್ಲೊವಾಕಿಯದ ನೆಲದಲ್ಲಿ ತೋಡಿದ ಕಾಲುವೆಯ ಮೂಲಕ ಗಾಬ್ಚಿಕೋವೊ ವಿದ್ಯುದಾಗಾರಕ್ಕೆ ಹರಿಸಬೇಕು. ಅಲ್ಲಿಂದ ಏರಿಳಿತದೊಡನೆ ಹೊರಬರುವ ಪ್ರವಾಹವನ್ನು ಕೆಳಗಿನ ನಾಜ್‌ಮಾರೋಶ್ ಅಣೆಕಟ್ಟು ಸಮಗೊಳಿಸಬೇಕು. ವೆಚ್ಚವೂ ಸಮಪಾಲು, ವಿದ್ಯುತ್ತೂ ಸಮಪಾಲು. ಜಮಾಖರ್ಚಿನ ದೃಷ್ಟಿಯಿಂದ ಇದಕ್ಕಿಂತ ನ್ಯಾಯಸಮ್ಮತವಾದ ಪಾಲುಗಾರಿಕೆ ದೊರೆಯುವುದು ಕಷ್ಟ. ನೀರಿನ ಗುಣಮಟ್ಟವನ್ನೂ ನಿಸರ್ಗವನ್ನೂ ಕಾಪಾಡಬೇಕೆಂಬ ಕಲಮುಗಳೂ ಅದರಲ್ಲಿದ್ದವು. ಆದರೆ ನದಿಯ ಎರಡೂ ದಡಗಳಲ್ಲಿ ಹಬ್ಬಿದ್ದ ಕವಲುಗಳು, ಜವುಗು ಕಾಡುಗಳು ಮತ್ತು ಅಪಾರ ಅಂತರ್ಜಲವನ್ನು ನಂಬಿ ಬದುಕಿದ ಜನರ ಅಭಿಪ್ರಾಯವನ್ನು ಬಹಿರಂಗವಾಗಿ ಕೇಳುವ ಪದ್ಧತಿ ಆ ಏಕಪಕ್ಷ ಆಡಳಿತಗಳಲ್ಲಿ ಇರಲಿಲ್ಲ.

ಕೇಳದಿದ್ದರೂ ಹೇಳುವವರು ಹುಟ್ಟಿಕೊಂಡರು. ಯಾನೋಶ್ ವಾರ್ಗಾ ಎಂಬ ಜೀವವಿಜ್ಞಾನಿಯ ಮುಂದಾಳುತನದಲ್ಲಿ 1984ರಲ್ಲಿ 'ಡ್ಯಾನ್ಯೂಬ್ ವರ್ತುಲ' ಎಂಬ ನಾಗರಿಕ ಸಂಘಟನೆ ರೂಪುಗೊಂಡಿತು. ಮರುವರ್ಷವೇ ಅದಕ್ಕೆ ಅಂತರರಾಷ್ಟ್ರೀಯ ಖ್ಯಾತಿಯ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ಸಂದಿತು.

ನೆರೆಯ ಆಸ್ಟ್ರಿಯದ ನಡೆ ಈ ಸಂದರ್ಭದಲ್ಲಿ ಗಮನಾರ್ಹವಾದುದು. ಅದೇ ನದಿಗೆ ಹೈನ್‌ಬುರ್ಗ್ ಬಳಿ ಅಣೆಕಟ್ಟು ಕಟ್ಟಲು ಹೊರಟಾಗ, 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನರು ಕಾಡಿನಲ್ಲಿ ಬೀಡುಬಿಟ್ಟು ಪ್ರತಿಭಟಿಸಿದರು, ಯೋಜನೆ ನಿಂತುಹೋಯಿತು. ಆದರೆ 1986ರಲ್ಲಿ ಹಂಗೇರಿಯ ನಾಜ್‌ಮಾರೋಶ್ ಅಣೆಕಟ್ಟಿಗೆ ಸಾಲ ಒದಗಿಸಲು ಆಸ್ಟ್ರಿಯದ ಬ್ಯಾಂಕುಗಳು ಮುಂದಾದವು. ಸಾಲದ ತೀರುವಳಿಯನ್ನು ವಿದ್ಯುತ್ ರೂಪದಲ್ಲಿ ಪಡೆಯುವ ಏರ್ಪಾಡಾಯಿತು. ಪ್ರಶ್ನಿಸುವ ಜನರಿದ್ದ ದಡದಲ್ಲಿ ನಿಂತ ಕೆಲಸವು ಪ್ರಶ್ನಿಸಲು ಆಸ್ಪದವಿಲ್ಲದ ದಡದಲ್ಲಿ ಮುಂದುವರಿಯಿತು. ಲಾಭವು ಗಡಿ ದಾಟಿ ಬರುವಾಗ ಹಾನಿಯು ಗಡಿಯಾಚೆಯೇ ಉಳಿಯುವ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1988ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನ ಸಂಸತ್ ಭವನದ ಮುಂದೆ ಜನಸಾಗರವೇ ಸೇರಿತು. 1989ರ ಮೇ 13ರಂದು ಹಂಗೇರಿ ಸರ್ಕಾರವು ನಾಜ್‌ಮಾರೋಶ್ ಕೆಲಸವನ್ನು ತಡೆಹಿಡಿದು, ಅಕ್ಟೋಬರಿನಲ್ಲಿ ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಗಾಬ್ಚಿಕೋವೊ ಅಣೆಕಟ್ಟಿನ ಕೆಲಸ ಶೇಕಡ 85ರಷ್ಟು ಮುಗಿದಿತ್ತು. ಸುರಿದ ಹಣವನ್ನು ಬಿಟ್ಟುಕೊಡಲೊಪ್ಪದ ಚೆಕೊಸ್ಲೊವಾಕಿಯವು ತನ್ನ ನೆಲದ ಚುನೋವೊದಲ್ಲಿ ಬೇರೊಂದು ಅಣೆಕಟ್ಟು ಕಟ್ಟತೊಡಗಿತು. 1992ರ ಮೇ ತಿಂಗಳಲ್ಲಿ ಹಂಗೇರಿಯು ಒಪ್ಪಂದವನ್ನೇ ರದ್ದುಪಡಿಸಿರುವುದಾಗಿ ಸಾರಿತು. ಅದೇ ಅಕ್ಟೋಬರಿನಲ್ಲಿ ನದಿಯ ದಿಕ್ಕು ತಿರುಗಿಸಲಾಯಿತು. ಅಲ್ಲಿನ ನೀರಿನ ಶೇಕಡ 80ರಿಂದ 90ರಷ್ಟು ಕಾಲುವೆಯ ಪಾಲಾಗಿ, ಹಂಗೇರಿಯ ಸಿಗೆಟ್‌ಕೋಜ್ ಪ್ರದೇಶದ ಕವಲುಗಳು ಸೊರಗಿದವು.

1993ರಲ್ಲಿ ಚೆಕೊಸ್ಲೊವಾಕಿಯ ವಿಭಜನೆಗೊಂಡು ಸ್ಲೊವಾಕಿಯ ಸ್ವತಂತ್ರವಾಯಿತು. ಆ ವರ್ಷವೇ ಉಭಯ ದೇಶಗಳೂ ಸಮ್ಮತಿಯಿಂದ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆಹೊಕ್ಕವು. ತನ್ನ ಇತಿಹಾಸದಲ್ಲಿ ಮೊತ್ತಮೊದಲ ಬಾರಿಗೆ ನ್ಯಾಯಾಲಯವು 1997ರ ಏಪ್ರಿಲ್‌ನಲ್ಲಿ ಸ್ಥಳಕ್ಕೇ ತೆರಳಿ ವೀಕ್ಷಿಸಿತು. ಸೆಪ್ಟೆಂಬರ್ 25ರ ತೀರ್ಪು ಇಬ್ಬರನ್ನೂ ತಪ್ಪಿತಸ್ಥರೆಂದಿತು. ಭವಿಷ್ಯದ ಅಪಾಯದ ಭಯವು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಸನ್ನಿಹಿತವೆಂದು ಸಿದ್ಧವಾಗದಿದ್ದುದರಿಂದ ಹಂಗೇರಿಯು ಕೆಲಸ ನಿಲ್ಲಿಸಿದ್ದು ಸರಿಯಲ್ಲ. ಇನ್ನೊಂದು ಪಕ್ಷವು ಹಂಚಿಕೊಳ್ಳಬೇಕಾದ ನದಿಯನ್ನು ಏಕಪಕ್ಷೀಯವಾಗಿ ತಿರುಗಿಸಿದ್ದೂ ಸರಿಯಲ್ಲ. ಒಪ್ಪಂದವು ಜಾರಿಯಲ್ಲಿಯೇ ಇದೆ. ಗಾಬ್ಚಿಕೋವೊದಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಉಭಯರೂ ಹೊಸದಾಗಿ ಪರಿಶೀಲಿಸಿ, ಹಳೆಯ ಪಾತ್ರಕ್ಕೂ ಕವಲುಗಳಿಗೂ ಬಿಡಬೇಕಾದ ನೀರಿನ ಬಗ್ಗೆ ತೃಪ್ತಿಕರ ಪರಿಹಾರ ಕಂಡುಕೊಳ್ಳಬೇಕು. ಅಂದರೆ, ಕಟ್ಟುವ ಮೊದಲು ಮಾಡಬೇಕಾಗಿದ್ದ ವಿಚಾರವನ್ನು ಕಟ್ಟಿದ ಮೇಲೆ ಮಾಡಿರೆಂದು ಆದೇಶವಾಯಿತು.

ಆಗ ನ್ಯಾಯಾಲಯದ ಉಪಾಧ್ಯಕ್ಷರಾಗಿದ್ದ ಶ್ರೀಲಂಕೆಯ ಕ್ರಿಸ್ಟೋಫರ್ ವೀರಮಂತ್ರಿ ಅವರು ಪ್ರತ್ಯೇಕ ಅಭಿಪ್ರಾಯವೊಂದನ್ನು ಬರೆದರು. ಪರಿಸರ ಪರಿಣಾಮದ ಮೌಲ್ಯಮಾಪನವು ಒಂದು ಬಾರಿಗೆ ಮುಗಿಯುವ ವಿಧಿಯಲ್ಲ, ಯೋಜನೆಯು ನಡೆಯುವಷ್ಟು ಕಾಲವೂ ಸಾಗಬೇಕಾದ ಕರ್ತವ್ಯ ಎಂಬುದು ಅವರ ಪ್ರತಿಪಾದನೆ. ಅದಕ್ಕೆ ಆಧಾರವಾಗಿ ಅವರು ಸಿಂಹಳದ ಪುರಾತನ ಕೆರೆಗಳನ್ನೂ, ಮಹಿಂದ ಥೇರನು ದೇವಾನಾಂಪಿಯ ತಿಸ್ಸ ರಾಜನಿಗೆ ಮಾಡಿದ ಉಪದೇಶವನ್ನೂ ಸ್ಮರಿಸಿದರು. ಭೂಮಿಯಲ್ಲಿ ಪಶುಪಕ್ಷಿಗಳಿಗೂ ಅರಸನಷ್ಟೇ ಹಕ್ಕಿದೆ, ಅರಸನು ಒಡೆಯನಲ್ಲ, ಪಾಲಕನು ಮಾತ್ರ ಎಂಬುದು ಆ ಉಪದೇಶದ ಸಾರ.

ಕಾಕತಾಳೀಯವೆಂಬಂತೆ, ಈ ತೀರ್ಪಿಗೆ ಹದಿನೈದು ದಿನ ಮೊದಲು, ಅಂದರೆ 1997ರ ಸೆಪ್ಟೆಂಬರ್ 10ರಂದು, ಎಸ್ಪೂ ಒಡಂಬಡಿಕೆ ಜಾರಿಗೆ ಬಂದಿತ್ತು. 1991ರಲ್ಲಿ ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಅಂಗೀಕೃತವಾದ ಇದರ ಪ್ರಕಾರ, ಗಡಿಯಾಚೆಗೆ ಗಣನೀಯ ಹಾನಿ ತರಬಹುದಾದ ಯೋಜನೆಯನ್ನು ಕೈಗೊಳ್ಳುವ ದೇಶವು ನೆರೆಯ ದೇಶಕ್ಕೆ ಮುಂಚಿತವಾಗಿ ತಿಳಿಸಬೇಕು. ಪರಿಣಾಮಗಳ ದಾಖಲೆ ಸಿದ್ಧಪಡಿಸಬೇಕು. ತನ್ನ ಪ್ರಜೆಗಳಿಗೆ ಕೊಡುವಷ್ಟೇ ಅವಕಾಶವನ್ನು ನೆರೆಯ ಪ್ರಜೆಗಳಿಗೂ ಕೊಟ್ಟು ಅಭಿಪ್ರಾಯ ಕೇಳಬೇಕು. ಅಂತಿಮ ನಿರ್ಣಯದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಭಾರತವು ಈ ಒಡಂಬಡಿಕೆಗೆ ಸೇರಿಲ್ಲ; ಆದರೆ ತನ್ನ ಗಡಿಯೊಳಗಿನ ಯೋಜನೆಗಳಿಗಾಗಿ 1994ರಲ್ಲಿ ಮೌಲ್ಯಮಾಪನವನ್ನೂ 1997ರಲ್ಲಿ ಸಾರ್ವಜನಿಕ ವಿಚಾರಣೆಯನ್ನೂ ಅಧಿಸೂಚನೆಗಳ ಮೂಲಕ ವಿಧಿಸಿತು.

ಉರುಗ್ವೆ ನದಿಯ ಕಾಗದದ ತಿರುಳಿನ ಕಾರ್ಖಾನೆಗಳ ವ್ಯಾಜ್ಯದಲ್ಲಿ 2010ರಲ್ಲಿ ಅದೇ ನ್ಯಾಯಾಲಯವು ಇಂಥ ಮೌಲ್ಯಮಾಪನವು ಸಾಮಾನ್ಯ ಅಂತರರಾಷ್ಟ್ರೀಯ ಕಾನೂನಿನ ಅಗತ್ಯವೆಂದು ಸಾರಿತು. ಆದರೆ ಬಾಧಿತ ಜನರನ್ನು ಕೇಳಲೇಬೇಕೆಂಬ ಕಟ್ಟುಪಾಡು ಅರ್ಜಿದಾರರು ಆಧರಿಸಿದ ದಾಖಲೆಗಳಿಂದ ಸಿದ್ಧವಾಗುವುದಿಲ್ಲವೆಂದಿತು. ಎಲ್ಲ ದೇಶಗಳಿಗೂ ಸಮನಾಗಿ ಅನ್ವಯಿಸುವ ನಿಯಮದಲ್ಲಿ ಜನರನ್ನು ಕೇಳುವ ಭಾಗವು ಇನ್ನೂ ಅಪೂರ್ಣವಾಗಿದೆ.

ಕಾನೂನು ಅಪೂರ್ಣವಾಗಿರುವ ಕಡೆ ವಿವೇಕವೇ ಅದನ್ನು ತುಂಬಬೇಕಾಗುತ್ತದೆ. ಡ್ಯಾನ್ಯೂಬ್ ದಡದಲ್ಲಿ ಒಂದು ದೇಶ ಹಾನಿಗೆ ಹೆದರಿ ಮಾತು ಮುರಿಯಿತು. ಇನ್ನೊಂದು ದೇಶ ಮಾತನ್ನು ಹಿಡಿದು ಹಾನಿಗೈದಿತು. ಸಹಿ ಹಾಕುವ ಮುನ್ನವೇ ಆ ನೀರನ್ನು ಕುಡಿಯುವವರನ್ನು ಕೇಳಿದ್ದರೆ, ಎರಡು ಧರ್ಮಗಳಲ್ಲಿ ಒಂದನ್ನು ಬಲಿಗೊಡುವ ದುರವಸ್ಥೆ ಇಬ್ಬರಿಗೂ ತಪ್ಪುತ್ತಿತ್ತು.