ಕಿವಿಗೊಡುವ ಚಿಕಿತ್ಸೆ ನಡೆದು ಬಂದ ದಾರಿ

ಸಲಹೆ ಕೊಡದೆ, ರೋಗದ ಹೆಸರು ಹಚ್ಚದೆ, ಎದುರಿಗೆ ಕೂತವರ ಮಾತಿಗೆ ಮನಸ್ಸಿಟ್ಟು ಕಿವಿಗೊಟ್ಟರೆ ನೊಂದ ಜೀವ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ ಎಂಬ ಮಾತು ಇಂದು ಯಾರಿಗೂ ಹೊಸದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲಿ ಇದನ್ನು ಹೇಳಿದಾಗ ಮಾತ್ರ ಅದು ಪರಿಣತರ ಅಧಿಕಾರಕ್ಕೇ ಎಸೆದ ಸವಾಲಾಗಿತ್ತು. ಆ ಮಾತಿಗಿಂತಲೂ ನನಗೆ ದೊಡ್ಡದಾಗಿ ಕಾಣುವುದು ಅದನ್ನು ಅವರು ಪರೀಕ್ಷೆಗೊಡ್ಡಿದ ರೀತಿ. ಚಿಕಿತ್ಸಕರ ಕೋಣೆಯೊಳಗಿನ ಮಾತು ಅಲ್ಲಿಯವರೆಗೆ ಹೊರಗೆ ಬರುತ್ತಿದ್ದುದು ಚಿಕಿತ್ಸಕರ ನೆನಪಿನ ಮೂಲಕ. ರೋಜರ್ಸ್ ಧ್ವನಿಮುದ್ರಣ ಯಂತ್ರವನ್ನು ಕೋಣೆಯೊಳಗೆ ತಂದರು. 1942ರ ತಮ್ಮ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯ ಜೊತೆಗಿನ ಎಂಟು ಭೇಟಿಗಳ ಮಾತುಕತೆಯನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ವ್ಯಕ್ತಿಕೇಂದ್ರಿತ ಆಪ್ತಸಮಾಲೋಚನೆ ಎಂದು ಹೆಸರಾದ ಅವರ ಈ ವಿಧಾನವನ್ನು ಇವತ್ತು ನಂಬಬಹುದಾದರೆ, ಅದು ತನ್ನ ಸೋಲುಗಳನ್ನೂ ಹೀಗೆ ಬಯಲಿಗಿಟ್ಟು ಬೆಳೆದದ್ದರಿಂದಲೇ.

1945ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಮಾಲೋಚನಾ ಕೇಂದ್ರ ಶುರುವಾದ ಮೇಲೆ ಈ ಕೆಲಸ ವಿಸ್ತಾರಗೊಂಡಿತು. ಬಂದವರ ಕೈಗೆ ಸ್ವಭಾವ ವಿವರಿಸುವ ಒಂದೊಂದು ವಾಕ್ಯವಿದ್ದ ನೂರು ಚೀಟಿಗಳನ್ನು ಕೊಟ್ಟು, 'ನಾನು ಹೇಗಿದ್ದೇನೆ', 'ಹೇಗಿರಬೇಕೆಂದು ಬಯಸುತ್ತೇನೆ' ಎಂದು ಎರಡು ಸಲ ವಿಂಗಡಿಸಲು ಹೇಳುತ್ತಿದ್ದರು. ಸಮಾಲೋಚನೆಯ ನಂತರ ಈ ಎರಡರ ನಡುವಿನ ಅಂತರ ಕಡಿಮೆಯಾಗಿತ್ತು ಎಂದು 1954ರ ವರದಿ ತೋರಿಸಿತು. ಈ ಧೈರ್ಯದ ಮೇಲೆ 1957ರಲ್ಲಿ ರೋಜರ್ಸ್ ತಮ್ಮ ಅತ್ಯಂತ ದಿಟ್ಟ ವಾದ ಮುಂದಿಟ್ಟರು: ಸಮಾಲೋಚಕರ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಪರಾನುಭೂತಿ ಇದ್ದು, ಅವು ಎದುರಿನವರಿಗೆ ಮುಟ್ಟಿದರೆ ಮನುಷ್ಯ ಬದಲಾಗುತ್ತಾನೆ, ಬೇರೇನೂ ಬೇಡ. ಆ 'ಬೇರೇನೂ ಬೇಡ' ಎಂಬುದು ಬಹಳ ಕಾಲ ನಿಲ್ಲಲಿಲ್ಲ. ವಿಸ್ಕಾನ್ಸಿನ್‌ನ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ಇದ್ದವರೊಂದಿಗೆ ಅವರ ತಂಡ ವರ್ಷಗಟ್ಟಲೆ ದುಡಿಯಿತು. 1967ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಟ್ಟಾರೆಯಾಗಿ ನೋಡಿದರೆ, ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹೆಚ್ಚಿನ ಪರಾನುಭೂತಿ ದೊರೆತವರು ಮಾತ್ರ ತುಸು ಚೇತರಿಸಿಕೊಂಡಿದ್ದರು.

ಒಳಗಿನಿಂದಲೇ ಇನ್ನೊಂದು ಪೆಟ್ಟು ಬಿತ್ತು. ರೋಜರ್ಸ್ ಅವರದೇ ಧ್ವನಿಮುದ್ರಣಗಳನ್ನು ಪರಿಶೀಲಿಸಿದ ಅವರ ಸಹೋದ್ಯೋಗಿ ಚಾರ್ಲ್ಸ್ ಟ್ರುವಾಕ್ಸ್, ರೋಜರ್ಸ್ ಎಲ್ಲ ಮಾತಿಗೂ ಒಂದೇ ಸಮನಾಗಿ ಸ್ಪಂದಿಸುತ್ತಿರಲಿಲ್ಲ, ಕೆಲವು ಬಗೆಯ ಮಾತಿಗೆ ಹೆಚ್ಚು ಆರ್ದ್ರರಾಗುತ್ತಿದ್ದರು ಎಂದು 1966ರಲ್ಲಿ ತೋರಿಸಿದರು. ದಾರಿ ತೋರಿಸುವುದಿಲ್ಲ ಎನ್ನುವವರೂ ಅರಿವಿಲ್ಲದೆ ದಾರಿ ತೋರಿಸುತ್ತಾರೆ ಎಂಬ ಈ ಆಕ್ಷೇಪ ನಿಜವೇ. ಆದರೆ ಧ್ವನಿಮುದ್ರಣಗಳನ್ನು ಇತರರಿಗೆ ತೆರೆದಿಟ್ಟಿದ್ದರಿಂದಲ್ಲವೇ ಅದು ಬೆಳಕಿಗೆ ಬಂದದ್ದು? ಸಮಾಲೋಚಕನೂ ನೊಂದವನೂ ಸಮಾನರಾಗಲಾರರು ಎಂದು ದಾರ್ಶನಿಕ ಮಾರ್ಟಿನ್ ಬೂಬರ್ 1957ರಲ್ಲಿ ರೋಜರ್ಸ್‌ಗೆ ಮುಖಾಮುಖಿಯಾಗಿ ಹೇಳಿದ್ದು ಇನ್ನೂ ಆಳವಾದ ತಕರಾರು. ಅದಕ್ಕೆ ಪೂರ್ಣ ಉತ್ತರ ಸಿಕ್ಕಿದೆ ಎಂದು ನನಗನ್ನಿಸುವುದಿಲ್ಲ.

ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಖಿನ್ನತೆಯಿದ್ದ 510 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಈ ವಿಧಾನದ ಶಕ್ತಿ, ಮಿತಿ ಎರಡನ್ನೂ ಹೇಳುತ್ತದೆ. ಆರು ತಿಂಗಳ ಹೊತ್ತಿಗೆ ಇದು, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಅರಿವು-ವರ್ತನಾ ಚಿಕಿತ್ಸೆಗಿಂತ ಕಡಿಮೆಯೇನಿರಲಿಲ್ಲ. ವರ್ಷದ ಹೊತ್ತಿಗೆ ಎರಡನೆಯದು ಮುಂದಿತ್ತು. ಇದರಿಂದ ಕಿವಿಗೊಡುವುದು ವ್ಯರ್ಥ ಎಂದಾಗುವುದಿಲ್ಲ, ಸಾಲದೆ ಹೋಗಬಹುದು ಎಂದಾಗುತ್ತದೆ.

ನಮ್ಮಲ್ಲಿ ಕೇಳಿಬರುವ ಆಕ್ಷೇಪ ಬೇರೆ. ಇಲ್ಲಿ ಕಷ್ಟ ಹೇಳಿಕೊಳ್ಳುವವರು ಹಿರಿಯರಿಂದ ಮಾರ್ಗದರ್ಶನ ಬಯಸುತ್ತಾರೆ, ಸುಮ್ಮನೆ ಕೇಳಿಸಿಕೊಂಡರೆ ಕೈಬಿಟ್ಟಂತಾಗುತ್ತದೆ ಎಂಬುದು ಅದರ ತಿರುಳು. ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲೇ ಗುರು-ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟಿದ್ದರು. ಈ ವಾದವನ್ನು ತಳ್ಳಿಹಾಕಲಾಗದು. ಆದರೂ ಇಷ್ಟವಿಲ್ಲದ ಕೋರ್ಸಿಗೆ ಸೇರಿಸಲ್ಪಟ್ಟ ಹುಡುಗನಿಗೋ ತುಂಬು ಮನೆಯ ಸೊಸೆಗೋ ಬುದ್ಧಿಮಾತಿನ ಕೊರತೆ ಇರುವುದಿಲ್ಲ. ಅಪ್ಪ, ಅತ್ತೆ, ಮೇಷ್ಟರು ಎಲ್ಲರೂ ಹೇಳುವವರೇ. ಮಾತು ಮುಗಿಯುವ ತನಕ ತಡೆದುಕೊಂಡು, ಅರ್ಥವಾದದ್ದನ್ನು 'ಹೀಗಲ್ಲವೇ' ಎಂದು ಕೇಳಿ ಖಚಿತಪಡಿಸಿಕೊಳ್ಳುವವರು ಅಪರೂಪ. ಮಾರ್ಗದರ್ಶನ ಬೇಕೇ ಎಂಬುದು ಕೂಡ ಅಂಥ ಆಲಿಕೆಯಿಂದಲೇ ತಿಳಿಯಬೇಕು. ಆದ್ದರಿಂದ ನಮ್ಮ ಕಾಲೇಜುಗಳಲ್ಲಿ ಆಪ್ತಸಮಾಲೋಚಕರನ್ನು ತಯಾರು ಮಾಡುವಾಗ, ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ತಮ್ಮದೇ ಭೇಟಿಗಳನ್ನು ಅವರು ಇನ್ನೊಬ್ಬರೆದುರು ಕೂತು ಕೇಳಿಸಿಕೊಳ್ಳುವುದು ಕಡ್ಡಾಯವಾಗಬೇಕು.